ಸಹಿ ಹಾಕುವ ಮುಂಚೆ ನೀರು ನಿಲ್ಲಿಸಿದೆವು

"ಮೇಡಂ, ಇಲ್ಲೊಂದು ಸೈನ್ ಹಾಕ್ಬಿಡಿ, ಕೀ ಕೊಟ್ಬಿಡ್ತೀನಿ. ಆಮೇಲೆ ಆರಾಮಾಗಿ ಮನೆ ನೋಡ್ಕೊಳ್ಳಿ."

ಬಿಲ್ಡರ್ ಆಫೀಸಿನ ಹುಡುಗಿ ಪ್ರೀತಿಯಿಂದಲೇ ಹೇಳಿದಳು. ಟೇಬಲ್ ಮೇಲೆ ಸ್ವೀಟ್ ಬಾಕ್ಸ್ ಇತ್ತು. ಫೋಟೋ ತೆಗೆಸಿಕೊಳ್ಳೋಕೆ ಅಂತ ರಟ್ಟಿನಲ್ಲಿ ಮಾಡಿದ ದೊಡ್ಡ ಕೀ ಒಂದನ್ನು ಪಕ್ಕದಲ್ಲಿ ಇಟ್ಟಿದ್ದರು. ನಮ್ಮ ಯಜಮಾನರು ಆಗಲೇ ಪೆನ್ನು ತೆಗೆದಿದ್ದರು. ನಾಲ್ಕು ವರ್ಷ ಕಾದ ಮನೆ ಅದು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಕಂತು, ಎರಡನ್ನೂ ಕಟ್ಟಿ ಸುಸ್ತಾಗಿದ್ದೆವು. ಆ ಕೀ ಕೈಗೆ ಬಂದರೆ ಸಾಕು ಅನ್ನುವಷ್ಟು ಆಸೆ ಇಬ್ಬರಿಗೂ ಇತ್ತು.

ನಾನು ಶಾಲೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ಕಾಗದ ಓದದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಓದಿದೆ. ಮೂರನೇ ಪ್ಯಾರಾದಲ್ಲಿ ಇದ್ದದ್ದರ ಅರ್ಥ ಇಷ್ಟು: ಫ್ಲ್ಯಾಟನ್ನು ನಾನು ಪೂರ್ತಿ ಪರಿಶೀಲಿಸಿದ್ದೇನೆ, ಎಲ್ಲವೂ ಒಪ್ಪಂದದಂತೆ ಇದೆ, ಕೆಲಸದ ಗುಣಮಟ್ಟದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

"ನಾನಿನ್ನೂ ಮನೆ ಒಳಗೇ ಹೋಗಿಲ್ವಲ್ಲಮ್ಮಾ" ಅಂದೆ.

"ಅದು ಫಾರ್ಮಾಲಿಟಿ ಅಷ್ಟೇ ಮೇಡಂ. ಎಲ್ಲರೂ ಹಾಕ್ತಾರೆ."

ನಾನು ಹಾಕಲಿಲ್ಲ. ಅದಕ್ಕೆ ಹಿಂದಿನ ಒಂದು ನೋವು ಕಾರಣ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮದುವೆಯಾದ ಹೊಸತರಲ್ಲಿ ನಾವು ಬೆಂಗಳೂರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಬಾಡಿಗೆ 12,000. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,20,000. ಬಿಡುವಾಗ ಓನರ್ ಬಂದು ಒಂದು ಸುತ್ತು ಹಾಕಿದರು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು. ಅದು ಕರಾರಿನಲ್ಲೇ ಇತ್ತು, ಸರಿ. ಆದರೆ ಅಡುಗೆಮನೆ ಸಿಂಕ್ ಕೆಳಗಿನ ಹಲಗೆ ಉಬ್ಬಿದೆ, ಬಚ್ಚಲಿನ ಎರಡು ಟೈಲ್ಸ್ ಸೀಳಿದೆ, ಬೆಡ್‌ರೂಮ್ ಗೋಡೆಗೆ ತೇವ ಬಂದಿದೆ ಅಂತ ಇನ್ನೂ 26,000 ಹಿಡಿದರು. ಅಷ್ಟೂ ನಾವು ಬರುವ ಮುಂಚಿನಿಂದ ಇದ್ದದ್ದೇ. "ಮೊದಲೇ ಇತ್ತು ಅಂತ ಏನಮ್ಮಾ ಪ್ರೂಫು?" ಅಂತ ಕೇಳಿದರು. ನಮ್ಮ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. ಆ ಹಣಕ್ಕಿಂತ ಜಾಸ್ತಿ ಚುಚ್ಚಿದ್ದು, ಸತ್ಯ ನಮ್ಮ ಕಡೆ ಇದ್ದರೂ ತೋರಿಸೋಕೆ ಏನೂ ಇಲ್ಲದೆ ನಿಂತ ಆ ಗಳಿಗೆ.

ಮುಂದಿನ ಬಾಡಿಗೆ ಮನೆಗೆ ಹೋದ ದಿನವೇ, ಸಾಮಾನು ಇಳಿಸುವ ಮುಂಚೆ, ಖಾಲಿ ಮನೆಯನ್ನು ಮೂಲೆಮೂಲೆಗೂ ವಿಡಿಯೋ ಮಾಡಿದೆ. ಒಂದು ಹಾಳೆಯಲ್ಲಿ 22 ಅಂಶ ಬರೆದೆ. ಫ್ಯಾನ್ ಎಷ್ಟು, ಗೀಸರ್ ಓಡುತ್ತಾ, ಯಾವ ಬಾಗಿಲಿನ ಬುಡ ಸವೆದಿದೆ, ಮೀಟರ್ ರೀಡಿಂಗ್ ಎಷ್ಟು, ಹೀಗೆ. ಮನೆ ಓನರ್ ಆಂಟಿ ಒಳ್ಳೆಯವರು. ಮೊದಲು ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು, ಆಮೇಲೆ ಓದಿ ಸಹಿ ಹಾಕಿದರು. ಅವರಿಗೊಂದು ಪ್ರತಿ, ನಮಗೊಂದು ಪ್ರತಿ.

ಹನ್ನೆರಡು ಸಾವಿರ ಬಾಡಿಗೆ ಮನೆಗೇ ಇಷ್ಟು ಕಲಿತ ಮೇಲೆ, ಜೀವಮಾನದ ದುಡಿಮೆ ಹಾಕಿದ ಮನೆಗೆ ಸುಮ್ನೆ ಸಹಿ ಹಾಕೋದಾ? ಅದಕ್ಕೇ ಆ ದಿನ ಕೀ ಇಲ್ಲದೆ, ಸ್ವೀಟ್ ಬಾಕ್ಸ್ ಮಾತ್ರ ತೆಗೆದುಕೊಂಡು ವಾಪಸ್ ಬಂದೆವು. ದಾರಿಯಲ್ಲಿ ಯಜಮಾನರು ಮಾತಾಡಲಿಲ್ಲ. ಮನೆಗೆ ಬಂದು "ನೀನು ಮಾಡಿದ್ದೇ ಸರಿ ಬಿಡು" ಅಂದರು.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ತಿಪಟೂರು ಕಡೆ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು, ಮೇಸ್ತ್ರಿ. ಈಗ ಮೊಣಕಾಲು ನೋವು ಅಂತ ಬಿಟ್ಟಿದ್ದಾರೆ. "ಬರ್ತೀನಿ ತಡಿ" ಅಂದರು. ಎರಡನೇ ದಿನ ಬೆಳಗಿನ ರೈಲಿಗೆ ಬಂದೇಬಿಟ್ಟರು. ಚೀಲದಲ್ಲಿ ಕೊಬ್ಬರಿ, ಜೊತೆಗೆ ರಸಮಟ್ಟ ಮತ್ತು ತೂಗುಗುಂಡು.

ಅಪ್ಪ ಇದ್ದರೂ ನಾನು ಇನ್‌ಸ್ಪೆಕ್ಷನ್ ಮಾಡುವವರನ್ನೂ ಕರೆಸಿದೆ. ಬೆಂಗಳೂರಿನಲ್ಲಿ ಈಗ ಇದನ್ನೇ ಕೆಲಸ ಮಾಡಿಕೊಂಡವರು ಇದ್ದಾರೆ. ಸಾಮಾನ್ಯವಾಗಿ ಚದರಡಿ ಲೆಕ್ಕದಲ್ಲಿ ದುಡ್ಡು. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 9,000 ಆಯ್ತು, ರಿಪೇರಿ ಆದ ಮೇಲೆ ಎರಡನೇ ಸಲ ಬಂದು ನೋಡುವುದಕ್ಕೂ ಸೇರಿ. ನಾನು ಕರೆಸಿದ್ದಕ್ಕೆ ಎರಡು ಕಾರಣ. ಅಪ್ಪನಿಗೆ ಗೋಡೆ ಗೊತ್ತು, ಕರೆಂಟು ಗೊತ್ತಿಲ್ಲ. ಇನ್ನೊಂದು, ಅಪ್ಪ ಹೇಳಿದ್ದನ್ನು ಬಿಲ್ಡರ್ ಕಡೆಯವರು "ಹಳೇ ಕಾಲದವರು" ಅಂತ ತಳ್ಳಿಹಾಕಬಹುದು. ಫೋಟೋ, ಅಳತೆ, ದಿನಾಂಕ ಇರುವ ವರದಿಯನ್ನು ಹಾಗೆ ತಳ್ಳೋಕೆ ಆಗಲ್ಲ.

ಇನ್‌ಸ್ಪೆಕ್ಷನ್‌ಗಿಂತ ಮುಂಚೆ ಕಾಗದದ ಕಡೆ ಒಂದು ಕೆಲಸ ಮುಗಿಸಿಕೊಂಡೆ. ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರದ ಪ್ರತಿ ಕೇಳಿ ಪಡೆದೆ. ಗೋಡೆ ಎಷ್ಟೇ ಚೆನ್ನಾಗಿರಲಿ, ಓಸಿ ಇಲ್ಲದಿದ್ದರೆ ಮುಂದೆ ಹೋಗಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಇದನ್ನು ನೋಡಿಯೇ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಹೇಳಿದೆ. ನಮ್ಮದಕ್ಕೆ ಓಸಿ ಬಂದು ಮೂರು ವಾರ ಆಗಿತ್ತು. ಬಿಲ್ಡರ್ ಆಫೀಸಿನಿಂದ "ಬೇಗ ಪೊಸೆಷನ್ ತಗೊಳ್ಳಿ, ಇಲ್ಲಾಂದ್ರೆ ಚಾರ್ಜ್ ಬೀಳುತ್ತೆ" ಅಂತ ದಿನಾ ಫೋನ್ ಬರುತ್ತಿತ್ತು. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರಿಯಲ್ ಎಸ್ಟೇಟ್ ಕಾನೂನು, ಅಂದರೆ ರೇರಾ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಓಸಿ ಬಂದ ಮೇಲೆ ಸ್ವಾಧೀನ ತೆಗೆದುಕೊಳ್ಳೋಕೆ 2 ತಿಂಗಳ ಅವಕಾಶ ಇದೆ. ಅದನ್ನು ಓದಿಕೊಂಡ ಮೇಲೆ ನನ್ನ ಎದೆ ಬಡಿತ ಕಡಿಮೆ ಆಯ್ತು. ಅವಸರ ಅವರದ್ದು, ನಮ್ಮದಲ್ಲ.

ಜುಲೈ ಮೊದಲ ಶನಿವಾರ ಬೆಳಿಗ್ಗೆ 9ಕ್ಕೆ ಎಲ್ಲರೂ ಸೇರಿದೆವು. ಕನಕಪುರ ರಸ್ತೆ ಕಡೆ, ಐದನೇ ಮಹಡಿ. ಆ ವಾರ ಪೂರ್ತಿ ಮಳೆ ಬಂದಿತ್ತು. ಇನ್‌ಸ್ಪೆಕ್ಷನ್‌ಗೆ ಬಂದವರು ಇಬ್ಬರು ಹುಡುಗರು, ಒಬ್ಬ ಸಿವಿಲ್, ಒಬ್ಬ ಎಲೆಕ್ಟ್ರಿಕಲ್. ಸಿವಿಲ್ ಹುಡುಗ ಹಾಸನದ ಕಡೆಯವನು. ಒಳಗೆ ಬರುತ್ತಲೇ "ಮಳೆಗಾಲದಲ್ಲಿ ಕರೆಸಿದ್ದು ಒಳ್ಳೇದಾಯ್ತು ಅಕ್ಕಾ, ಮಾರ್ಚ್‌ನಲ್ಲಿ ಎಲ್ಲ ಗೋಡೆನೂ ಒಣಗಿರುತ್ತೆ" ಅಂದ. ಅಪ್ಪನ ಮುಖದಲ್ಲಿ ಅವನ ಬಗ್ಗೆ ಮೆಚ್ಚುಗೆ ಮೂಡಿದ್ದು ಆಗಲೇ.

ಮೊದಲು ಅಳತೆ. ಗೋಡೆಗೆ ಕೆಂಪು ಬೆಳಕು ಬಿಡುವ ಚಿಕ್ಕ ಯಂತ್ರದಿಂದ ಪ್ರತಿ ಕೋಣೆ ಅಳೆದರು. ರೇರಾ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಸೋಕೆ ಸಿಗುವ ಜಾಗದ ಲೆಕ್ಕದಲ್ಲಿ, ಒಳಗಿನ ಅಡ್ಡಗೋಡೆ ಸೇರುತ್ತೆ. ಹೊರಗೋಡೆ, ಪೈಪು ಹೋಗುವ ಶಾಫ್ಟ್, ಬಾಲ್ಕನಿ ಸೇರಲ್ಲ. ನಮ್ಮದು ಒಪ್ಪಂದಕ್ಕೆ ಸರಿಹೋಯ್ತು. ಅದರಲ್ಲಿ ಹೇಳೋದೇನಿಲ್ಲ.

ಆಮೇಲೆ ಟೈಲ್ಸ್. ಹುಡುಗನ ಕೈಯಲ್ಲಿ ತುದಿಗೆ ಉಕ್ಕಿನ ಗುಂಡು ಇರುವ ಉದ್ದನೆಯ ಕಡ್ಡಿ. ಅದನ್ನು ನೆಲದ ಮೇಲೆ ಎಳೆದುಕೊಂಡು ಹೋದರೆ ಕರಕರ ಶಬ್ದ. ಒಂದು ಕಡೆ ಶಬ್ದ ಬದಲಾಗಿ ಡಬಡಬ ಅಂತು. ಅಲ್ಲಿ ಟೇಪು ಅಂಟಿಸಿದ. ಅಪ್ಪ ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು, ಮೊಣಕಾಲು ನೋವನ್ನೂ ಲೆಕ್ಕಿಸದೆ ಕೂತು, ಇನ್ನೊಂದು ಮೂಲೆಯಿಂದ ತಟ್ಟುತ್ತಾ ಬಂದರು. ಇಬ್ಬರ ಟೇಪೂ ಸೇರಿ 14 ಟೈಲ್ಸ್ ಟೊಳ್ಳು. ಹಾಲ್‌ನಲ್ಲೇ 9.

"ಇದು ಯಾಕೆ ಹೀಗಾಗುತ್ತೆ?" ಅಂತ ಕೇಳಿದೆ. ಅಪ್ಪ ಹೇಳಿದ್ದು: ಟೈಲ್ಸ್ ಬೆನ್ನಿಗೆ ಪೂರ್ತಿ ಹರಡಿ ಹಚ್ಚುವ ಬದಲು ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿಬಿಡುತ್ತಾರೆ. ಮೇಲಿಂದ ನೋಡಿದರೆ ಮಟ್ಟವಾಗಿ ಕಾಣುತ್ತೆ. ಒಳಗೆ ಗಾಳಿ. ಒಂದು ದಿನ ಬೀರು ಎಳೆದಾಗಲೋ ಸಿಲಿಂಡರ್ ಇಟ್ಟಾಗಲೋ ಫಟ್ ಅಂತ ಸೀಳುತ್ತೆ. ಹುಡುಗ ಇನ್ನೊಂದು ಸೇರಿಸಿದ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇಕಡಾ 0.5ರಷ್ಟು ನೀರನ್ನೂ ಹೀರಲ್ಲ. ಅದಕ್ಕೇ ಹಳೇ ಥರ ಸಿಮೆಂಟ್ ಹಾಲು ಹೊಯ್ದರೆ ಸರಿಯಾಗಿ ಕಚ್ಚಲ್ಲ, ಅದಕ್ಕೆ ಅಂತಲೇ ಇರುವ ಅಂಟು ಬೇಕು. "ಹೌದಾ, ನಮ್ಮ ಕಾಲದ ರೆಡ್ ಆಕ್ಸೈಡ್ ನೆಲಕ್ಕೆ ಈ ತಲೆನೋವೇ ಇರ್ಲಿಲ್ಲ" ಅಂದರು ಅಪ್ಪ.

ಗೋಡೆಗಳಿಗೆ ತೂಗುಗುಂಡು ಬಿಟ್ಟು ನೋಡಿದರು. ಒಂದು ಮೂಲೆ ಮಾತ್ರ ಸ್ವಲ್ಪ ಓರೆ, ಉಳಿದದ್ದು ನೇರ. ಬಿರುಕುಗಳ ವಿಷಯಕ್ಕೆ ನನಗೆ ತುಂಬಾ ಭಯ ಇತ್ತು. ಹಾಲ್‌ನಲ್ಲಿ ತೊಲೆಯ ಕೆಳಗೆ ಉದ್ದಕ್ಕೂ ಒಂದು ಗೆರೆ ಹೋಗಿತ್ತು. ಮನೆಯೇ ಬಿರುಕು ಬಿಟ್ಟಿದೆ ಅಂದುಕೊಂಡಿದ್ದೆ. ಹುಡುಗ ಗೆರೆಗಳಿರುವ ಪಾರದರ್ಶಕ ಕಾರ್ಡೊಂದನ್ನು ಅದರ ಮೇಲೆ ಇಟ್ಟು ಅಗಲ ಅಳೆದ. ಕೂದಲೆಳೆಯಷ್ಟು. ಕಾಂಕ್ರೀಟ್ ತೊಲೆ ಬೇರೆ, ಬ್ಲಾಕ್ ಗೋಡೆ ಬೇರೆ. ಬಿಸಿಲು ಚಳಿಗೆ ಎರಡೂ ಒಂದೇ ಥರ ಹಿಗ್ಗಿ ಕುಗ್ಗಲ್ಲ. ಎರಡರ ಸಂದಿಗೆ ಚಿಕನ್ ಮೆಷ್ ಅನ್ನುವ ತಂತಿ ಬಲೆ ಹಾಕಿ ಸಾರಣೆ ಮಾಡಬೇಕು, ಹಾಕದಿದ್ದರೆ ಸಂದಿ ಉದ್ದಕ್ಕೂ ಹೀಗೆ ಗೆರೆ ಬರುತ್ತೆ. ಇದು ಸರಿ ಮಾಡಿಸಿಕೊಳ್ಳುವಂಥದ್ದು, ಹೆದರುವಂಥದ್ದಲ್ಲ. ತೊಲೆ, ಕಂಬಗಳ ಮೇಲೇ ಅಗಲವಾದ ಬಿರುಕು ಇದ್ದರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು ಅಂದ. ನಮ್ಮ ಕಂಬ ತೊಲೆಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಅವತ್ತು ನಾನು ಸರಿಯಾಗಿ ಉಸಿರಾಡಿದ್ದು ಆಗಲೇ.

ಕರೆಂಟಿನ ಹುಡುಗ ಒಂದು ಮಾತೂ ಆಡದೆ ಪ್ರತಿ ಸಾಕೆಟ್ಟಿಗೂ ಮೂರು ದೀಪಗಳಿರುವ ಪ್ಲಗ್ ಚುಚ್ಚುತ್ತಾ ಹೋದ. ದೀಪ ಹೊತ್ತುವ ರೀತಿಯಲ್ಲೇ ಗೊತ್ತಾಗುತ್ತೆ. ಒಂದು ಬೆಡ್‌ರೂಮಿನ ಎರಡು ಪಾಯಿಂಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು. ಅಡುಗೆಮನೆಯ 16 ಆಂಪಿಯರ್ ಪಾಯಿಂಟಿಗೆ ಅರ್ಥಿಂಗ್ ಇಲ್ಲವೇ ಇಲ್ಲ. ಗ್ರೈಂಡರ್ ಇಡಬೇಕು ಅಂತ ನಾನು ಮನಸ್ಸಿನಲ್ಲೇ ಗುರುತು ಮಾಡಿಕೊಂಡಿದ್ದ ಜಾಗ ಅದು. ಒದ್ದೆ ಕೈಯಲ್ಲಿ ಮುಟ್ಟುವ ಜಾಗ. ಆಮೇಲೆ ಮನೆಗೆಲ್ಲ ಕರೆಂಟು ಹಂಚುವ ಡಿಬಿ ಬಾಕ್ಸ್‌ನಲ್ಲಿ ಆರ್‌ಸಿಸಿಬಿ ಪರೀಕ್ಷೆ ಮಾಡಿದ. ಕರೆಂಟು ಮೈಮೂಲಕ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸಬೇಕಾದ ಸ್ವಿಚ್ ಅದು. ಮನೆಗಳಿಗೆ 30 ಮಿಲಿಆಂಪಿಯರ್‌ನದ್ದು ಹಾಕುತ್ತಾರೆ. ಅದರ ಮೇಲೆ ಟೆಸ್ಟ್ ಅಂತ ಗುಂಡಿ ಇರುತ್ತೆ, ಒತ್ತಿದರೆ ಸ್ವಿಚ್ ತಾನೇ ಕೆಳಗೆ ಬೀಳಬೇಕು. ಒತ್ತಿದ. ಬೀಳಲಿಲ್ಲ. ಮತ್ತೆ ಒತ್ತಿದ. ಆಗಲೂ ಬೀಳಲಿಲ್ಲ.

ಬಿಲ್ಡರ್ ಕಡೆಯ ಸೈಟ್ ಎಂಜಿನಿಯರ್ ಅಲ್ಲೇ ನಿಂತಿದ್ದರು. ಅವರ ಮುಖ ಮೊದಲ ಸಲ ಗಂಭೀರವಾಯ್ತು. "ಇದನ್ನ ಇವತ್ತೇ ಬದಲಾಯಿಸ್ತೀನಿ ಮೇಡಂ" ಅಂದರು. ಅದೇ ದಿನ ಸಂಜೆ ಬದಲಾಯಿಸಿದರು ಕೂಡ. ಆ ಗುಂಡಿ ಒತ್ತೋಕೆ ಯಾವ ಓದೂ ಬೇಡ, ಯಾವ ಯಂತ್ರವೂ ಬೇಡ. ನಿಮ್ಮ ಮನೆಯಲ್ಲಿ ಅದು ಇದ್ದರೆ ಇವತ್ತೇ ಒಂದು ಸಲ ಒತ್ತಿ ನೋಡಿ.

ನನಗೆ ಅತಿ ಹೆಚ್ಚು ಆಶ್ಚರ್ಯ ಆಗಿದ್ದು ನೀರಿನ ಲೈನ್ ನೋಡಿದಾಗ. ನಮ್ಮಂಥ ಅಪಾರ್ಟ್‌ಮೆಂಟುಗಳಲ್ಲಿ ಎರಡು ಲೈನ್ ಇರುತ್ತೆ. ಒಂದು ಬಳಸುವ ನೀರು. ಇನ್ನೊಂದು, ಕೊಳಚೆ ನೀರನ್ನು ಎಸ್‌ಟಿಪಿಯಲ್ಲಿ ಶುದ್ಧ ಮಾಡಿ ಫ್ಲಶ್‌ಗೆ ಮಾತ್ರ ಬಿಡುವ ನೀರು. ಎರಡೂ ಅದಲುಬದಲಾದರೆ? ಹುಡುಗ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿದ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆ. "ಸರಿ ಇದೆ ಅಲ್ವಾ?" ಅಂದೆ.

"ಇಲ್ಲ ಅಕ್ಕಾ, ಇದ್ರಿಂದ ಏನೂ ಗೊತ್ತಾಗಲ್ಲ. ಇನ್ನೂ ಜನ ಬಂದಿಲ್ಲ. ಜನ ಇಲ್ದೆ ಎಸ್‌ಟಿಪಿ ಓಡಲ್ಲ. ಈಗ ಎರಡೂ ಲೈನ್‌ಗೂ ಟ್ಯಾಂಕರ್ ನೀರನ್ನೇ ಬಿಟ್ಟಿದ್ದಾರೆ."

ಅವನು ಮಾಡಿದ್ದು ಬಹಳ ಸರಳ. ಶಾಫ್ಟ್‌ನಲ್ಲಿರುವ ಫ್ಲಶ್ ಲೈನಿನ ವಾಲ್ವ್ ಮುಚ್ಚಿದ. ಫ್ಲಶ್ ಖಾಲಿ ಮಾಡಿದ. ಆಮೇಲೆ ಮನೆಯ ಒಂದೊಂದೇ ನಲ್ಲಿ ತಿರುಗಿಸಿ ನೋಡಿದ. ಎಲ್ಲದರಲ್ಲೂ ನೀರು ಬಂತು. ಕಾಮನ್ ಬಾತ್‌ರೂಮಿನ ಹೆಲ್ತ್ ಫಾಸೆಟ್‌ನಲ್ಲಿ ಮಾತ್ರ ಬರಲಿಲ್ಲ. ಅಂದರೆ ಮೈ ತೊಳೆಯುವ ಆ ಪೈಪನ್ನು ಫ್ಲಶ್ ಲೈನಿಗೇ ಜೋಡಿಸಿದ್ದಾರೆ. ಆರು ತಿಂಗಳಾದ ಮೇಲೆ, ಎಲ್ಲರೂ ಬಂದು ಎಸ್‌ಟಿಪಿ ಓಡಲು ಶುರುವಾದ ಮೇಲೆ, ಮಗಳು ಬಳಸುವ ನೀರು ಯಾವುದಾಗಿರುತ್ತಿತ್ತು ಅಂತ ಯೋಚಿಸಿ ನನಗೆ ಕೈ ನಡುಗಿತು. ಹೊರಗಿಂದ ನೋಡಿದರೆ ಹೊಳೆಯುವ ನಲ್ಲಿ, ಹೊಸ ಟೈಲ್ಸ್. ಕಣ್ಣಿಗೆ ಎಲ್ಲ ಚೆಂದ.

ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗರು, ಬಾತ್‌ರೂಮ್ ಸೋರುತ್ತಾ ಅಂತ ನೋಡೋಕೆ, ನೆಲದ ಮೇಲೆ ನೀರು ನಿಲ್ಲಿಸುವ ಕೆಲಸಕ್ಕೆ ಬಂದರು. ಅಪ್ಪ ಬೆಳಿಗ್ಗೆಯಿಂದ ಕಾಯುತ್ತಿದ್ದದ್ದು ಇದಕ್ಕೇ. ಎರಡೂ ಬಾತ್‌ರೂಮಿನ ಜಾಲಿ ಬಾಯಿಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಬಟ್ಟೆ ಸುತ್ತಿ ಗಟ್ಟಿಯಾಗಿ ತುರುಕಿದರು. ಹೊಸ್ತಿಲು ದಾಟದ ಹಾಗೆ ನೋಡಿಕೊಂಡು ನೀರು ತುಂಬಿಸಿದರು. ಗೋಡೆ ಟೈಲ್ಸ್ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ, ಪಕ್ಕದಲ್ಲಿ ಸಮಯ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆಗಳ ಆಚೆ ಬದಿಯಲ್ಲಿ ತೇವದ ಮೀಟರ್ ಒತ್ತಿ ರೀಡಿಂಗ್ ಬರೆದುಕೊಂಡರು. ಮಗಳ ಕೋಣೆಯ ಗೋಡೆ ಆಗ 14 ತೋರಿಸಿತು. ಒಣ ಗೋಡೆಗಳಲ್ಲಿ 11, 12 ಇತ್ತು. ದೊಡ್ಡ ವ್ಯತ್ಯಾಸ ಏನಲ್ಲ.

ಸೈಟ್ ಎಂಜಿನಿಯರ್ "ಒಂದು ಗಂಟೆ ಬಿಟ್ಟು ನೋಡೋಣ ಸಾರ್, ಸಾಕು" ಅಂದರು.

ಅಪ್ಪ ಎಂದೂ ಜೋರಾಗಿ ಮಾತಾಡುವವರಲ್ಲ. "ನೀರಿಗೆ ಆತುರ ಇಲ್ಲ ಸ್ವಾಮಿ. ಸಂದಿ ಹುಡುಕ್ಕೊಂಡು ನಿಧಾನಕ್ಕೆ ಇಳೀತದೆ. ಒಂದು ಗಂಟೆಗೆ ಏನೂ ಕಾಣಲ್ಲ. ನಾಳೆ ಇದೇ ಹೊತ್ತಿಗೆ ನೋಡುವ" ಅಂದರು.

ಕೆಳಗಿನ ಫ್ಲ್ಯಾಟ್ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅದರ ಕೀ ತರಿಸಿ ತೆಗೆಸಿದೆವು. ಇದನ್ನು ಮುಂಚೆಯೇ ಮಾತಾಡಿ ಇಟ್ಟುಕೊಳ್ಳಿ. ನಮ್ಮ ಬಾತ್‌ರೂಮ್ ಸೋರುತ್ತಾ ಅಂತ ಗೊತ್ತಾಗೋದು ಕೆಳಗಿನವರ ಸೂರಿನಲ್ಲಿ.

ಭಾನುವಾರ ಮಧ್ಯಾಹ್ನ ಹೋದಾಗ ದೊಡ್ಡ ಬಾತ್‌ರೂಮಿನ ನೀರು ಗೆರೆಯಲ್ಲೇ ಇತ್ತು. ಕಾಮನ್ ಬಾತ್‌ರೂಮಿನದ್ದು ಒಂದು ಬೆರಳಿನಷ್ಟು ಇಳಿದಿತ್ತು. ಕೆಳಗಿನ ಮನೆಗೆ ಓಡಿದೆವು. ಸೂರಿನಲ್ಲಿ, ಪೈಪು ಸ್ಲ್ಯಾಬ್ ತೂರಿಕೊಂಡು ಬರುವ ಜಾಗದ ಸುತ್ತ, ಕಪ್ಪು ಉಂಗುರದ ಹಾಗೆ ಒದ್ದೆ. ಒಂದು ಹನಿ ತೊಟ್ಟಿಕ್ಕಲು ಕಾಯುತ್ತಿತ್ತು. ಸ್ಲ್ಯಾಬ್ ಹಾಕಿದ ಮೇಲೆ ತೂತು ಕೊರೆದು ಪೈಪ್ ಇಳಿಸುತ್ತಾರೆ. ಸುತ್ತಲಿನ ಸಂದಿ ಸರಿಯಾಗಿ ತುಂಬದಿದ್ದರೆ ಅಲ್ಲಿಂದಲೇ ಇಳಿಯುತ್ತೆ. ಮೇಲೆ ಬಂದು ಮಗಳ ಕೋಣೆಯ ಗೋಡೆಗೆ ಮೀಟರ್ ಒತ್ತಿದರೆ 27. ಶಾಖ ತೋರಿಸುವ ಕ್ಯಾಮೆರಾದಲ್ಲಿ ಗೋಡೆಯ ಬುಡ ಉದ್ದಕ್ಕೂ ನೀಲಿ. ಆ ಕ್ಯಾಮೆರಾ ನೀರನ್ನೇ ನೋಡಲ್ಲ, ತಂಪನ್ನು ನೋಡುತ್ತೆ, ಅದಕ್ಕೇ ಮೀಟರ್ ಜೊತೆ ತಾಳೆ ಹಾಕಬೇಕು ಅಂತ ಹುಡುಗ ವಿವರಿಸಿದ. ಬರಿಗಣ್ಣಿಗೆ ಮಾತ್ರ ಆ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಅದೇ ಗೋಡೆ ಉಪ್ಪು ಬಿಟ್ಟು ಬಣ್ಣ ಉದುರುತ್ತಿತ್ತು. ಆ ಹೊತ್ತಿಗೆ ನಾವು ಅಲ್ಲಿ ಬೀರು ನಿಲ್ಲಿಸಿರುತ್ತಿದ್ದೆವು.

ಮೂರನೇ ದಿನ ವರದಿ ಬಂತು. ಒಟ್ಟು 71 ಅಂಶ. ಪ್ರತಿಯೊಂದಕ್ಕೂ ಫೋಟೋ. ಬಾಗಿಲ ಚಿಲಕ ಕೂರಲ್ಲ ಅನ್ನುವುದರಿಂದ ಹಿಡಿದು ಕಿಟಕಿಯ ನೀರು ಹೊರಹೋಗುವ ತೂತುಗಳು ಸಿಮೆಂಟಿನಿಂದ ಮುಚ್ಚಿಹೋಗಿವೆ ಅನ್ನುವವರೆಗೆ. ನಾನು ಅದನ್ನು ಮೂರು ಗುಂಪು ಮಾಡಿದೆ: ಜೀವಕ್ಕೆ ಸಂಬಂಧಿಸಿದ್ದು, ನೀರಿಗೆ ಸಂಬಂಧಿಸಿದ್ದು, ಉಳಿದದ್ದು. ಬಣ್ಣದ ಕಲೆ, ಪುಟ್ಟಿಯ ಉಬ್ಬುತಗ್ಗು ಎಲ್ಲ ಕೊನೆಗೆ. ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದರೆ ಅವರು ಸುಲಭದ್ದನ್ನು ಮಾಡಿ ತೋರಿಸುತ್ತಾರೆ, ಕಷ್ಟದ್ದು ಹಾಗೇ ಉಳಿಯುತ್ತೆ.

ಬಿಲ್ಡರ್ ಆಫೀಸಿನಲ್ಲಿ ಮಾತುಕತೆ ಸುಲಭ ಇರಲಿಲ್ಲ. "ನೀವು ಸೈನ್ ಮಾಡಿ ಮೇಡಂ, ಒಂದು ವರ್ಷ ವಾರಂಟಿ ಇರುತ್ತೆ, ಬಂದು ಮಾಡಿಕೊಡ್ತೀವಿ" ಅಂದರು. ನಾನು ರೇರಾ ಕಾಯ್ದೆಯ 14ನೇ ಸೆಕ್ಷನ್‌ನ ಮೂರನೇ ಉಪವಿಭಾಗ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ, 30 ದಿನದೊಳಗೆ ಪುಕ್ಕಟೆಯಾಗಿ ಸರಿ ಮಾಡಿಕೊಡಬೇಕು. ಇಲ್ಲದಿದ್ದರೆ ಪರಿಹಾರ ಕೇಳುವ ಹಕ್ಕು ಇದೆ. ಒಂದು ವರ್ಷ ಅಲ್ಲ, ಐದು. ಕಾಗದವನ್ನು ಅವರ ಮುಂದೆ ಇಟ್ಟೆ. ಜಗಳ ಮಾಡಲಿಲ್ಲ. ನನ್ನ ಧ್ವನಿ ನಡುಗುತ್ತಿತ್ತು, ಆದರೂ ಓದಿ ಹೇಳಿದೆ.

"ಹಾಗಾದ್ರೆ ಈಗ ಸೈನ್ ಮಾಡೋಕೆ ಏನು ಮೇಡಂ ತೊಂದರೆ? ಐದು ವರ್ಷ ಇದೆಯಲ್ಲಾ" ಅಂತ ಮ್ಯಾನೇಜರ್ ಕೇಳಿದರು. ಒಳ್ಳೆಯ ಪ್ರಶ್ನೆಯೇ. ನಾನು ಹೇಳಿದೆ: "ಸಾರ್, ಎಲ್ಲ ನೋಡಿದ್ದೇನೆ, ಎಲ್ಲ ಚೆನ್ನಾಗಿದೆ ಅಂತ ಬರೆದಿದೆ. ಅದು ನಿಜ ಅಲ್ಲ. ನಾಳೆ ಬಾಗಿಲು ಮುರಿದಿದ್ದು ನೀವೇ, ಟೈಲ್ಸ್ ಸೀಳಿದ್ದು ನಿಮ್ಮ ಇಂಟೀರಿಯರ್‌ನವರೇ ಅಂದ್ರೆ ನಾನೇನು ಹೇಳ್ಲಿ? ಒಂದ್ಸಲ ಹಾಗೆ ನಿಂತಿದ್ದೇನೆ. ಮತ್ತೆ ನಿಲ್ಲಲ್ಲ."

ನಾವು ಕೇಳಿದ್ದು ಎರಡೇ. 71 ಅಂಶಗಳ ಪಟ್ಟಿಯ ಪ್ರತಿ ಪುಟಕ್ಕೂ ಅವರ ಸಹಿ, ಸೀಲು, ದಿನಾಂಕ. ಮತ್ತೆ, ಮೊದಲ ಎರಡು ಗುಂಪಿನ ಕೆಲಸ ಮುಗಿದ ಮೇಲೆಯೇ ನಮ್ಮ ಸಹಿ. ಮೊದಲು ಒಪ್ಪಲಿಲ್ಲ. ಇಮೇಲ್‌ನಲ್ಲಿ ಅದೇ ಮಾತನ್ನು ಮೂರು ಸಲ ಬರೆದೆ. ಪ್ರತಿ ಸಲವೂ ವರದಿ ಲಗತ್ತಿಸಿದೆ. ಫೋನಿನಲ್ಲಿ ಹೇಳಿದ್ದನ್ನೆಲ್ಲ "ಇವತ್ತು ಫೋನಿನಲ್ಲಿ ಹೀಗೆ ಮಾತಾಯ್ತು" ಅಂತ ಮತ್ತೆ ಬರೆದು ಕಳಿಸಿದೆ. ಹತ್ತನೇ ದಿನ ಒಪ್ಪಿದರು.

ರಿಪೇರಿ ಶುರುವಾದ ಮೇಲೂ ಒಂದು ಎಳೆದಾಟ ನಡೆಯಿತು. ಬಾತ್‌ರೂಮಿಗೆ ಟೈಲ್ಸ್ ಸಂದಿಗಳಲ್ಲಿ ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿ ಮುಗಿಸುತ್ತೇವೆ ಅಂದರು. ಅಪ್ಪ ಊರಿಂದಲೇ ವಿಡಿಯೋ ಕಾಲ್‌ನಲ್ಲಿ ನೋಡಿ "ಅದು ಗಾಯದ ಮೇಲೆ ಬಟ್ಟೆ ಕಟ್ಟಿದ ಹಾಗೆ, ಒಳಗಿನ ಕೀವು ಹೋಗಲ್ಲ. ಟೈಲ್ಸ್ ಕೀಳಿಸು" ಅಂದರು. ಕೀಳಿಸಿದೆ. ಪೈಪಿನ ಸುತ್ತ ಒಡೆದು ಮತ್ತೆ ತುಂಬಿ, ನೆಲಕ್ಕೂ ಗೋಡೆಯ ಬುಡದಿಂದ ಒಂದು ಅಡಿ ಎತ್ತರಕ್ಕೂ ವಾಟರ್‌ಪ್ರೂಫಿಂಗ್ ಹೊಡೆದರು. ಟೈಲ್ಸ್ ಹಾಕುವ ಮುಂಚೆ 48 ಗಂಟೆ ನೀರು ನಿಲ್ಲಿಸಿದರು. ನಾನು ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೋಗಿ ಗೆರೆ ನೋಡಿ ಬರುತ್ತಿದ್ದೆ. ಎರಡು ದಿನವೂ ಗೆರೆ ಇಳಿಯಲಿಲ್ಲ. ಕೆಲಸ ಮಾಡಿದ ಮೇಸ್ತ್ರಿ ರಾಯಚೂರು ಕಡೆಯವರು. ಅವರ ಕೆಲಸ ನೋಡಿ ಅಪ್ಪನೇ ಮೆಚ್ಚಿದರು. ಮೊದಲ ಸಲ ಹಾಳಾದದ್ದಕ್ಕೆ ಕೆಲಸಗಾರರನ್ನೇ ಬೈಯೋಕೆ ನನಗೆ ಮನಸ್ಸಿಲ್ಲ. "ನಮಗೂ ಟೈಮ್ ಕೊಡಲ್ಲ ಅಕ್ಕಾ, ಇಂದು ನೀರು ನಿಲ್ಲಿಸಂದ್ರೆ ನಾಳೆ ಟೈಲ್ಸ್ ಹಾಕು ಅಂತಾರೆ" ಅಂತ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಆಗಸ್ಟ್ ಕೊನೆಯಲ್ಲಿ ಹುಡುಗರು ಎರಡನೇ ಸಲ ಬಂದರು. ಪಟ್ಟಿ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದರು. ಮಗಳ ಕೋಣೆಯ ಗೋಡೆ 12ಕ್ಕೆ ಇಳಿದಿತ್ತು. ಹೆಲ್ತ್ ಫಾಸೆಟ್ ಸರಿಯಾದ ಲೈನಿಗೆ ಬಂದಿತ್ತು. 71ರಲ್ಲಿ 66 ಆಗಿತ್ತು. ಉಳಿದ 5ನ್ನು ಹೊಸ ಹಾಳೆಯಲ್ಲಿ ಬರೆದು, ಸ್ವಾಧೀನ ಪತ್ರಕ್ಕೆ ಲಗತ್ತಿಸಿ, ಎರಡೂ ಕಡೆಯವರು ಸಹಿ ಹಾಕಿದೆವು. ಆ ಮೂರನೇ ಪ್ಯಾರಾದಲ್ಲಿ "ಲಗತ್ತಿಸಿದ ಪಟ್ಟಿಯನ್ನು ಬಿಟ್ಟು" ಅನ್ನುವ ಮಾತು ಸೇರಿಸಿಕೊಟ್ಟರು. ಕೀ ಕೊಟ್ಟ ಹುಡುಗಿ "ಮೇಡಂ, ನಮ್ಮಕ್ಕ ಕೂಡ ಫ್ಲ್ಯಾಟ್ ತಗೊಂಡಿದ್ದಾಳೆ, ನಿಮ್ಮ ಪಟ್ಟಿ ಕಳಿಸ್ತೀರಾ?" ಅಂತ ಮೆಲ್ಲಗೆ ಕೇಳಿದಳು. ಕಳಿಸಿದೆ.

ಬಾಡಿಗೆ ಮನೆ ಬಿಡುವ ದಿನ ಬಂತು. ಓನರ್ ಆಂಟಿ ತಮ್ಮ ಪ್ರತಿ ಹುಡುಕಿ ತಂದಿದ್ದರು, ನಾಲ್ಕಾಗಿ ಮಡಿಸಿದ್ದು. ಇಬ್ಬರೂ ಹಾಳೆ ಹಿಡಿದು ಖಾಲಿ ಮನೆಯಲ್ಲಿ ನಡೆದೆವು. 22 ಅಂಶ, ಇಪ್ಪತ್ತು ನಿಮಿಷ. ಮಗಳು ಗೋಡೆ ಮೇಲೆ ಬಿಡಿಸಿದ ಆನೆಗೆ ಪೇಂಟಿಂಗ್ ದುಡ್ಡು ನ್ಯಾಯ, ಕೊಟ್ಟೆವು. ಒಂದು ಟವೆಲ್ ರಾಡ್ ನಮ್ಮಿಂದ ಮುರಿದಿತ್ತು, ಅದಕ್ಕೂ 400 ಕೊಟ್ಟೆವು. ಉಳಿದ ಅಡ್ವಾನ್ಸ್ ಅಲ್ಲೇ ನಿಂತು ಫೋನಿನಲ್ಲಿ ಕಳಿಸಿದರು. ಹೊರಡುವಾಗ ಅರಿಶಿನ ಕುಂಕುಮ ಕೊಟ್ಟು, ತಬ್ಬಿಕೊಂಡು ಅತ್ತರು. ಹಿಂದಿನ ಮನೆಯಿಂದ ನಾನು ಅತ್ತುಕೊಂಡು ಬಂದದ್ದೇ ಬೇರೆ ಕಾರಣಕ್ಕೆ.

ಉಳಿದ ಐದರಲ್ಲಿ ನಾಲ್ಕು ಮುಗಿದಿದೆ. ಒಂದು ಬಾಕಿ ಇದೆ. ದೊಡ್ಡ ಬೆಡ್‌ರೂಮಿನ ಕಿಟಕಿ ಕೆಳಗೆ ಮಳೆ ಬಂದಾಗ ಅಂಗೈಯಗಲ ತೇವ ಕಾಣಿಸಿಕೊಳ್ಳುತ್ತಿತ್ತು. ಕಿಟಕಿ ಬುಡದ ಗ್ರಾನೈಟ್ ಚಪ್ಪಡಿ ಹೊರಗಿನ ಬದಲು ಸ್ವಲ್ಪ ಒಳಗೆ ವಾಲಿತ್ತು. ಹೊರಗಿನ ಸಂದಿಗೆ ಸಿಲಿಕೋನ್ ಸರಿಯಾಗಿ ಹಿಡಿದಿರಲಿಲ್ಲ. ಚಪ್ಪಡಿ ಎತ್ತಿ ಕೂರಿಸಿ, ಸಿಲಿಕೋನ್ ಹಾಕಿ ಹೋಗಿದ್ದಾರೆ. ಪೂರ್ತಿ ನಿಂತಿದೆಯಾ ಅಂತ ಒಂದು ಮಳೆಗಾಲ ನೋಡದೆ ಟಿಕ್ ಹಾಕಲ್ಲ ಅಂತ ಅಪ್ಪ ಹಟ ಹಿಡಿದಿದ್ದಾರೆ. ಗೃಹಪ್ರವೇಶಕ್ಕೆ ಬಂದಾಗ ತೇವದ ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕದಾಗಿ ದಿನಾಂಕ ಬರೆದು ಹೋದರು. ಆ ಗೋಡೆಗೆ ಬಣ್ಣ ಹೊಡೆಸಿಲ್ಲ.

ಬೆಂಗಳೂರಿನಲ್ಲಿ ಮಳೆ ಅಂತ ಟಿವಿಯಲ್ಲಿ ಬಂದ ರಾತ್ರಿಯೆಲ್ಲ ತಿಪಟೂರಿನಿಂದ ಫೋನ್ ಬರುತ್ತದೆ.

"ಗೆರೆ ದಾಟಿದ್ಯೇನಮ್ಮಾ?"

ಟಾರ್ಚ್ ಹಿಡಿದು ಹೋಗಿ, ಗೋಡೆಗೆ ಅಂಗೈ ಒತ್ತಿ ನೋಡುತ್ತೇನೆ.

"ಇಲ್ಲ ಅಪ್ಪ. ಒಣಗಿದೆ."